ನೇರಳೆ, ಬಿಳಿ, ಕಾವಿ

ಹಿಂದಿನ ಸಂಚಿಕೆಯಲ್ಲಿ ಇಳಕಲ್ ಸೀರೆಯ ಸೆರಗಿನ ಬಗ್ಗೆ ಬಂದ ಬರಹ ಓದಿದ ಮೇಲೆ ನಮ್ಮ ಬಳಗದ ಇಬ್ಬರು ಮೂವರು ಒಂದೇ ಪ್ರಶ್ನೆ ಕೇಳಿದರು. ಇಲ್ಲಿನ ಚರ್ಚುಗಳಲ್ಲಿ ಪಾದ್ರಿಗಳು ಒಂದು ವಾರ ಹಸಿರು, ಇನ್ನೊಂದು ವಾರ ನೇರಳೆ, ಮತ್ತೊಂದು ದಿನ ಕೆಂಪು ಹಾಕುತ್ತಾರಲ್ಲ, ಅದಕ್ಕೇನಾದರೂ ಲೆಕ್ಕ ಇದೆಯೇ, ಇಲ್ಲ ಕಪಾಟಿನಲ್ಲಿ ಮೇಲಿದ್ದದ್ದನ್ನು ಎತ್ತಿಕೊಳ್ಳುತ್ತಾರೋ ಎಂದು. ಲೆಕ್ಕ ಇದೆ. ಆ ಲೆಕ್ಕದ ಹಿಂದೆ ಎಂಟುನೂರು ವರ್ಷಗಳ ಕಥೆಯಿದೆ, ಅದರಲ್ಲಿ ನಮ್ಮ ಶ್ರೀರಂಗಪಟ್ಟಣ, ಬೆಂಗಳೂರುಗಳೂ ಬರುತ್ತವೆ. ನಾನು ಚರ್ಚಿನವನಲ್ಲ. ಆದರೆ ಮಂಗಳೂರಿನ ಕಡೆ ಬೆಳೆದವನಿಗೆ ಇಗರ್ಜಿ ಪರಕೀಯವೇನಲ್ಲ. ಕ್ಲಾಂಗ್ ಬಂದರಿಗೆ ಬಂದ ಮೇಲೆ ನನ್ನ ಅತ್ಯಂತ ಹತ್ತಿರದ ಸ್ನೇಹಿತರೆಲ್ಲ ಕೊಂಕಣಿ ಕ್ಯಾಥೊಲಿಕರೇ ಆದ್ದರಿಂದ ಮದುವೆ, ನಾಮಕರಣ, ಸಾವು ಎಂದು ಓಡಾಡಿ ಕಂಡದ್ದು, ಕೇಳಿದ್ದು, ಆಮೇಲೆ ಕುತೂಹಲಕ್ಕೆ ಓದಿದ್ದು ಸ್ವಲ್ಪ ಇದೆ. ಅಷ್ಟನ್ನು ಇಲ್ಲಿ ಹಂಚಿಕೊಳ್ಳುತ್ತೇನೆ.

ಮೊದಲಿಗೆ ಒಂದು ಮಾತು. ಮೊದಮೊದಲ ಕ್ರೈಸ್ತ ಗುರುಗಳಿಗೆ ಪ್ರತ್ಯೇಕ ಪೂಜಾವಸ್ತ್ರ ಇರಲೇ ಇಲ್ಲ. ರೋಮ್ ಸಾಮ್ರಾಜ್ಯದ ಸಾಮಾನ್ಯ ಗೃಹಸ್ಥ ಏನು ಉಡುತ್ತಿದ್ದನೋ ಅದನ್ನೇ ಉಟ್ಟು, ಸ್ವಲ್ಪ ಶುಭ್ರವಾಗಿ ನೋಡಿಕೊಂಡು ಪೂಜೆಗೆ ನಿಲ್ಲುತ್ತಿದ್ದರು. ಈಗ ಎಲ್ಲಕ್ಕೂ ಮೇಲೆ ತೊಡುವ ಬಣ್ಣದ ದೊಡ್ಡ ನಿಲುವಂಗಿಗೆ ಲ್ಯಾಟಿನ್ನಿನಲ್ಲಿ 'ಕಾಸುಲಾ' ಎನ್ನುತ್ತಾರೆ. ಹಾಗೆಂದರೆ 'ಪುಟ್ಟ ಮನೆ'. ಮಳೆ ಚಳಿಗೆ ಪ್ರಯಾಣಿಕರು ತಲೆಯಿಂದ ಇಳಿಬಿಟ್ಟುಕೊಳ್ಳುತ್ತಿದ್ದ, ನಮ್ಮ ಕಂಬಳಿ ಕೊಪ್ಪೆಯಂಥ ಉಡುಪು ಅದು. ಸಾಮ್ರಾಜ್ಯ ಮುರಿದುಬಿತ್ತು, ಜನರ ಉಡುಗೆ ಬದಲಾಯಿತು, ಆದರೆ ಗುರುಗಳು ಮಾತ್ರ ಹಳೆಯದನ್ನು ಬಿಡಲಿಲ್ಲ. ಹೀಗೆ ಮಳೆಗೆ ಹೊದ್ದ ಕೊಪ್ಪೆಯೇ ಕಾಲ ಕಳೆದಂತೆ ಪವಿತ್ರ ವಸ್ತ್ರವಾಯಿತು. ನಮ್ಮಲ್ಲೂ ಒಂದು ಕಾಲಕ್ಕೆ ಎಲ್ಲರೂ ಉಡುತ್ತಿದ್ದ ಹೊಲಿಗೆಯಿಲ್ಲದ ಪಂಚೆ ಈಗ ಅರ್ಚಕರ ಉಡುಪಾಗಿ ಉಳಿದಿಲ್ಲವೇ!

ಬಣ್ಣದ ನಿಯಮ ಬಂದದ್ದು ಇನ್ನೂ ತಡವಾಗಿ. ಬಹುಕಾಲ ಬಿಳಿಯೇ ವಾಡಿಕೆ. ಹನ್ನೆರಡನೆಯ ಶತಮಾನದ ಹೊತ್ತಿಗೆ ಊರಿಗೊಂದು ಪದ್ಧತಿ ಹುಟ್ಟಿಕೊಂಡಿತ್ತು. ಧರ್ಮಯುದ್ಧಗಳ ಕಾಲದಲ್ಲಿ ಜೆರುಸಲೇಮಿನಲ್ಲಿದ್ದ ಯುರೋಪಿನ ಗುರುಗಳ ಒಂದು ಪಟ್ಟಿ ಉಳಿದುಬಂದಿದೆ. ಅದರ ಪ್ರಕಾರ ಕ್ರಿಸ್ಮಸ್ಸಿಗೂ ಮರಿಯಮ್ಮನ ಹಬ್ಬಗಳಿಗೂ ಹಾಕಬೇಕಾದ ಬಣ್ಣ ಕಪ್ಪು! ಇಂದಿನ ಯಾವ ಕ್ರೈಸ್ತರಿಗೆ ಹೇಳಿದರೂ ನಗುತ್ತಾರೆ. ಬಣ್ಣದ ಅರ್ಥ ಸೃಷ್ಟಿಯ ದಿನದಿಂದಲೇ ನಿಗದಿಯಾಗಿದೆ ಎಂದು ವಾದಿಸುವವರಿಗೆ, ಅವರು ಯಾವ ಮತದವರೇ ಆಗಿರಲಿ, ಈ ಪಟ್ಟಿಯನ್ನು ತೋರಿಸಬೇಕು ಎನಿಸುತ್ತದೆ.

ಕ್ರಮ ತಂದವರು ಮುಂದೆ 1198ರಲ್ಲಿ ಮೂರನೇ ಇನ್ನೊಸೆಂಟ್ ಎಂಬ ಹೆಸರಿನಲ್ಲಿ ಪೋಪ್ ಆದ ಲೊಟಾರಿಯೊ. ಅವರು ಇನ್ನೂ ಕಾರ್ಡಿನಲ್ ಆಗಿದ್ದಾಗ ಬಲಿಪೂಜೆಯ ಬಗ್ಗೆ ಬರೆದ ಗ್ರಂಥದಲ್ಲಿ ರೋಮಿನ ವಾಡಿಕೆಯನ್ನು ದಾಖಲಿಸಿದರು. ಹಬ್ಬಗಳಿಗೆ, ಕನ್ಯೆಯರಾದ ಸಂತರಿಗೆ ಬಿಳಿ. ಪ್ರೇಷಿತರಿಗೆ, ರಕ್ತಸಾಕ್ಷಿಗಳಿಗೆ ಕೆಂಪು. ಉಪವಾಸಕ್ಕೆ, ಶೋಕಕ್ಕೆ ಕಪ್ಪು. ಉಳಿದ ದಿನಗಳಿಗೆ ಹಸಿರು. ಹಸಿರೇ ಏಕೆ ಎಂಬುದಕ್ಕೆ ಅವರು ಕೊಟ್ಟ ಕಾರಣ ನನಗೆ ತುಂಬಾ ಇಷ್ಟ: ಅದು ಬಿಳಿ, ಕಪ್ಪು, ಕೆಂಪುಗಳ ನಡುವೆ ನಿಲ್ಲುವ ಬಣ್ಣವಂತೆ! ಹಸಿರೆಂದರೆ ಜೀವ, ಭರವಸೆ ಎಂಬ ವಿವರಣೆಗಳೆಲ್ಲ ಆಮೇಲೆ ಬಂದವು. ಮೊದಲಿಗೆ ಅದು ಯಾರಿಗೂ ಬೇಡದ ಮಧ್ಯಮ. ಇಂದು ವರ್ಷದ ಮೂವತ್ಮೂರು ಅಥವಾ ಮೂವತ್ನಾಲ್ಕು ವಾರ 'ಸಾಧಾರಣ ಕಾಲ'. ಆದ್ದರಿಂದಲೇ ನಮ್ಮಂಥವರು ಚರ್ಚಿನೊಳಗೆ ಇಣುಕಿದಾಗಲೆಲ್ಲ ಕಾಣುವುದು ಹಸಿರೇ.

ನೇರಳೆ ಬಂದದ್ದು ಕಪ್ಪಿನ ತಮ್ಮನಾಗಿ. ಅಪ್ಪಟ ಕಪ್ಪು ಬಣ್ಣ ಹಾಕುವುದು ಆ ಕಾಲದ ಬಣ್ಣಗಾರರಿಗೆ ಸುಲಭವಾಗಿರಲಿಲ್ಲ. ಮೋಂಬತ್ತಿಯ ಬೆಳಕಿನಲ್ಲಿ ಕಡುನೀಲಿ, ನೇರಳೆ, ಕಪ್ಪುಗಳಲ್ಲಿ ವ್ಯತ್ಯಾಸ ಹೇಳುವುದೂ ಕಷ್ಟ. ಕ್ರಮೇಣ ತಪಸ್ಸುಕಾಲಕ್ಕೆ ನೇರಳೆ ಸ್ಥಿರವಾಯಿತು, ಕಪ್ಪು ಸಾವಿಗೆ ಮತ್ತು ಶುಭ ಶುಕ್ರವಾರಕ್ಕೆ ಉಳಿಯಿತು. 1570ರಲ್ಲಿ ಐದನೇ ಪಿಯೂಸ್ ಹೊರಡಿಸಿದ ಪೂಜಾಗ್ರಂಥ ಇದನ್ನೆಲ್ಲ ಗಟ್ಟಿ ಮಾಡಿತು. ಇವುಗಳ ನಡುವೆ ವರ್ಷಕ್ಕೆ ಎರಡೇ ಎರಡು ಭಾನುವಾರ, ಆಗಮನಕಾಲದ ಮೂರನೆಯದು ಮತ್ತು ತಪಸ್ಸುಕಾಲದ ನಾಲ್ಕನೆಯದು, ಗುಲಾಬಿ ಬಣ್ಣಕ್ಕೆ ಮೀಸಲು. ಉಪವಾಸದ ಮಧ್ಯೆ ಸ್ವಲ್ಪ ಉಸಿರಾಡಿಕೊಳ್ಳಿ ಎಂದು.

ಕೆಂಪಿನ ಕಥೆಯಲ್ಲಿ ನಮ್ಮ ಪಾಲೂ ಇದೆ. 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ತುರ್ಕರ ವಶವಾದ ಮೇಲೆ ಸಮುದ್ರದ ಚಿಪ್ಪುಹುಳುವಿನಿಂದ ತೆಗೆಯುತ್ತಿದ್ದ ರಾಜಯೋಗ್ಯ ಕೆನ್ನೇರಳೆ ಯುರೋಪಿಗೆ ಸಿಗದಾಯಿತು. 1464ರಲ್ಲಿ ಪೋಪ್ ಎರಡನೇ ಪಾಲ್ ಕಾರ್ಡಿನಲ್‌ಗಳ ಉಡುಪಿಗೆ ಕೆರ್ಮೆಸ್ ಎಂಬ ಕೀಟದಿಂದ ತೆಗೆದ ಕೆಂಪನ್ನು ವಿಧಿಸಿದರು. ಆ 'ಕೆರ್ಮೆಸ್' ಮತ್ತು ಇಂಗ್ಲಿಷಿನ 'ಕ್ರಿಮ್ಸನ್' ಎರಡೂ ಪಾರಸಿಯ 'ಕಿರ್ಮಿಜ್' ಮೂಲಕ ಸಂಸ್ಕೃತದ 'ಕೃಮಿಜ'ಕ್ಕೆ ಹೋಗಿ ಮುಟ್ಟುತ್ತವೆ. ಕ್ರಿಮಿಯಿಂದ ಹುಟ್ಟಿದ್ದು ಎಂದರ್ಥ. ಕಾರ್ಡಿನಲ್ ಮಹಾಶಯರ ವೈಭವದ ಹಿಂದೆ ನಮ್ಮ ಹಳ್ಳಿಯ ಕ್ರಿಮಿ!

ಬಟ್ಟೆಯ ಬಣ್ಣಕ್ಕೆ ಯಾರಾದರೂ ಜೈಲಿಗೆ ಹೋಗುತ್ತಾರೆಯೇ ಎಂದು ಕೇಳಬೇಡಿ. ಹೋಗಿದ್ದಾರೆ, ಅದೂ ಎರಡೂ ಕಡೆಯವರು. ಇಂಗ್ಲೆಂಡಿನ ಜಾನ್ ಹೂಪರ್ ಬಿಷಪ್ ಆಗಲು ಒಪ್ಪಿದರೂ ಬಿಷಪ್ಪರ ಉಡುಪು ತೊಡಲು ಒಪ್ಪದೆ 1551ರಲ್ಲಿ ಸೆರೆಮನೆ ಕಂಡರು. ಮುನ್ನೂರು ಚಿಲ್ಲರೆ ವರ್ಷಗಳ ನಂತರ, 1877ರಲ್ಲಿ, ಅದೇ ಇಂಗ್ಲೆಂಡಿನಲ್ಲಿ ಆರ್ಥರ್ ಟೂತ್ ಎಂಬ ಆಂಗ್ಲಿಕನ್ ಗುರು ಪೂಜಾವಸ್ತ್ರ ಮೊದಲಾದ ಹಳೆಯ ಆಚಾರಗಳನ್ನು ಬಿಡಲೊಲ್ಲದೆ ಜೈಲಿಗೆ ಹೋದರು. ಸುಧಾರಣಾ ಪಂಥದವರು ಬಣ್ಣಗಳನ್ನೇ ತೊರೆದು ವಿದ್ವಾಂಸರ ಕಪ್ಪು ಗೌನನ್ನು ಆರಿಸಿಕೊಂಡರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಈ ಕಪ್ಪಿನ ಪರಂಪರೆಯವರು, ನಮ್ಮ ಕಿಟ್ಟೆಲ್ ಕೂಡ. ತಮಾಷೆಯೆಂದರೆ ಪೀಠದ ಮುಂದೆ ಬಣ್ಣ ಬೇಡವೆಂದ ಅದೇ ಮಿಷನ್ನಿನ ಮಂಗಳೂರಿನ ನೇಯ್ಗೆ ಕಾರ್ಖಾನೆಯಲ್ಲಿ, 1850ರ ದಶಕದಲ್ಲಿ, ಹಾಲರ್ ಎಂಬ ನೇಕಾರ ಖಾಕಿ ಬಣ್ಣವನ್ನು ಕಂಡುಹಿಡಿದನೆಂಬ ಮಾತು ನಮ್ಮೂರಿನಲ್ಲಿ ಇಂದಿಗೂ ಪ್ರಚಲಿತ.

ಇರಲಿ, ಈಗ ಕಾವಿಗೆ ಬರೋಣ. ನನಗೆ ಈ ವಿಷಯ ಹಿಡಿಸಿದ್ದೇ ಅದರಿಂದ.

1606ರಲ್ಲಿ ಮಧುರೆಗೆ ಬಂದ ಇಟಲಿಯ ಯೇಸುಸಭೆಯ ರಾಬರ್ಟೊ ಡಿ ನೊಬಿಲಿ, ಕಪ್ಪು ನಿಲುವಂಗಿ ತೊಟ್ಟರೆ ಜನ ತನ್ನನ್ನು 'ಪರಂಗಿ' ಎಂದು ದೂರ ಇಡುತ್ತಾರೆಂದು ಕಂಡುಕೊಂಡು ಕಾವಿ ಉಟ್ಟರು, ಚಂದನ ಹಚ್ಚಿದರು, ಸಸ್ಯಾಹಾರಿಯಾದರು. ಸಹೋದ್ಯೋಗಿಗಳೇ ದೂರು ಕೊಟ್ಟರು. 1623ರಲ್ಲಿ ಪೋಪ್ ಹದಿನೈದನೇ ಗ್ರೆಗರಿ ಹಲವು ಷರತ್ತುಗಳೊಂದಿಗೆ ಜನಿವಾರ, ಶಿಖೆ, ಚಂದನಕ್ಕೆ ಅವಕಾಶ ಕೊಟ್ಟರು. ಅದೇ ಹಾದಿಯಲ್ಲಿ ಲಿಯೊನಾರ್ಡೊ ಚಿನ್ನಾಮಿ ಹದಿನೇಳನೆಯ ಶತಮಾನದ ನಡುವಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ನನ್ನು ಆರಂಭಿಸಿದರು. ಆದರೆ 1744ರಲ್ಲಿ ಹದಿನಾಲ್ಕನೇ ಬೆನೆಡಿಕ್ಟ್ ಇಂಥ ದೇಶಾಚಾರಗಳಿಗೆ ಬಲವಾದ ಕಡಿವಾಣ ಹಾಕಿದರು. 1773ರಲ್ಲಿ ಯೇಸುಸಭೆಯನ್ನೇ ರೋಮ್ ವಿಸರ್ಜಿಸಿತು. ಇವರೆಲ್ಲ ಬೀದಿಯಲ್ಲಿ ಸಂನ್ಯಾಸಿಗಳು, ಪೀಠದ ಮುಂದೆ ಲ್ಯಾಟಿನ್ ಪೂಜೆಯವರು ಎಂಬುದನ್ನು ಮರೆಯಬಾರದು. ಕಾವಿ ಬಾಗಿಲಿನ ಹೊರಗೇ ಇತ್ತು.

ಯೇಸುಸಭೆಯವರು ಹೋದ ಜಾಗಕ್ಕೆ ಬಂದವರು ಪ್ಯಾರಿಸ್ಸಿನ ವಿದೇಶಿ ಮಿಷನ್ನಿನ ಫ್ರೆಂಚರು. ಅವರಲ್ಲಿ ಪ್ರಸಿದ್ಧರು ಆಬೆ ದ್ಯುಬುವಾ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿಗೆ ಬಂದು, ಗಡ್ಡ ಬಿಟ್ಟು, ರುಮಾಲು ಸುತ್ತಿ, ಈ ನೆಲದವರಂತೆ ಉಟ್ಟು ಉಂಡು, ಜನರಿಂದ 'ದೊಡ್ಡಸ್ವಾಮಿಯವರು' ಎನಿಸಿಕೊಂಡರು. 1823ರಲ್ಲಿ ಫ್ರಾನ್ಸಿಗೆ ಮರಳಿದರು. ಬೆಂಗಳೂರಿನ ಶಿವಾಜಿನಗರದ ಈಗಿನ ಸಂತ ಮೇರಿ ಬೆಸಿಲಿಕಾ ಇರುವಲ್ಲಿ 1818ರಲ್ಲಿ ಹುಲ್ಲು ಹೊದಿಸಿದ ಪುಟ್ಟ ಗುಡಿ ಕಟ್ಟಿಸಿದವರು ಇವರೇ. ಇಲ್ಲಿ ಒಂದು ಅಡ್ಡಮಾತು: ಇದೇ ಪ್ಯಾರಿಸ್ ಮಿಷನ್ನಿನವರು 1808ರಲ್ಲಿ ಪಿನಾಂಗಿನಲ್ಲಿ ಗುರುಮಠ ಸ್ಥಾಪಿಸಿದರು. ನಮ್ಮ ಕ್ಲಾಂಗ್ ಪಟ್ಟಣದಲ್ಲಿ 1928ರಲ್ಲಿ ಕಟ್ಟಿದ ಲೂರ್ದು ಮಾತೆಯ ಚರ್ಚು ಆ ಫ್ರೆಂಚರ ಕಾಲದ್ದು. ಮೈಸೂರಿನ ಗಂಜಾಮಿಗೂ ಕ್ಲಾಂಗಿಗೂ ಇಂಥದೊಂದು ನಂಟು ಇದೆ ಎಂದು ತಿಳಿದಾಗ ನನಗೆ ಊರಿನವರು ಸಿಕ್ಕಿದಷ್ಟು ಸಂತೋಷವಾಯಿತು.

ಕಾವಿ ಬಾಗಿಲು ದಾಟಿ ಒಳಗೆ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ, ಮುಖ್ಯವಾಗಿ ಬೆಂಗಳೂರಿನಿಂದ. ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರಿನಲ್ಲಿ ಪೂಜಾವಿಧಿಯ ಶಾಸನವನ್ನು ಹೊರಡಿಸಿ, ಆಯಾ ನಾಡಿನ ಸಂಸ್ಕೃತಿಗೆ ತಕ್ಕಂತೆ ಮಾರ್ಪಾಡಿಗೆ ದಾರಿ ತೆರೆಯಿತು. 1967ರಲ್ಲಿ ಪಾದ್ರಿ ಅಮಲೋರ್ಪವದಾಸ್ ಬೆಂಗಳೂರಿನಲ್ಲಿ ರಾಷ್ಟ್ರೀಯ ಧರ್ಮೋಪದೇಶ ಮತ್ತು ಪೂಜಾವಿಧಿ ಕೇಂದ್ರವನ್ನು ಕಟ್ಟಿದರು. ಭಾರತದ ಬಿಷಪ್ಪರು ಕಳಿಸಿದ ಹನ್ನೆರಡು ಅಂಶಗಳಿಗೆ 1969ರ ಏಪ್ರಿಲ್ 25ರಂದು ರೋಮ್ ಒಪ್ಪಿಗೆ ಕೊಟ್ಟಿತು. ನೆಲದ ಮೇಲೆ ಕೂರಬಹುದು, ಚಪ್ಪಲಿ ಹೊರಗೆ ಬಿಡಬಹುದು, ಮಂಡಿಯೂರುವ ಬದಲು ಕೈಮುಗಿದು ಬಾಗಬಹುದು, ಪಂಚಾಂಗ ಪ್ರಣಾಮ, ಮೋಂಬತ್ತಿಯ ಬದಲು ಎಣ್ಣೆದೀಪ, ಆರತಿ, ತಟ್ಟೆ. ಏಳನೆಯ ಅಂಶ ಬಟ್ಟೆಯದು: ಹಳೆಯ ಪೂಜಾವಸ್ತ್ರಗಳ ಜಾಗದಲ್ಲಿ ಒಂದೇ ಸರಳ ನಿಲುವಂಗಿ, ಮೇಲೊಂದು ಅಂಗವಸ್ತ್ರ ಸಾಕು.

ಗಮನಿಸಿ, ಆ ಅಂಶದಲ್ಲಿ ಬಣ್ಣದ ಹೆಸರೇ ಇಲ್ಲ. ಆದರೆ ಹೆಗಲಿಗೆ ಬಂದ ಶಾಲು ಬಹಳ ಕಡೆ ಕಾವಿಯದಾಯಿತು, ಜಗಳ ಬಂದದ್ದೂ ಆ ಕಾವಿಗೇ. ಹಳೆಯ ಸಂಪ್ರದಾಯದವರು 'ಚರ್ಚನ್ನು ಹಿಂದೂ ಮಾಡುತ್ತಿದ್ದೀರಿ' ಎಂದರು. ವಿಕ್ಟರ್ ಕುಲಂದೈ ಎಂಬವರು ಇದರ ವಿರುದ್ಧ ಒಂದು ಪುಸ್ತಕವನ್ನೇ ಬರೆದರು. ಹಿಂದೂಗಳಲ್ಲಿ ಕೆಲವರು 'ನಮ್ಮ ಸಂನ್ಯಾಸಿಯ ವೇಷ ಹಾಕಿ ಮೋಸ ಮಾಡುತ್ತಿದ್ದೀರಿ' ಎಂದರು. ಮೂರನೆಯ ಆಕ್ಷೇಪ ನನಗೆ ಎಲ್ಲಕ್ಕಿಂತ ತೂಕದ್ದಾಗಿ ಕಾಣುತ್ತದೆ. 1980ರ ದಶಕದಲ್ಲಿ ಬೆಂಗಳೂರಿನ ಸಂಯುಕ್ತ ದೇವಜ್ಞಾನ ಕಾಲೇಜಿನ ಅರವಿಂದ ನಿರ್ಮಲ್ ಮೊದಲಾದವರು ದಲಿತ ದೇವಜ್ಞಾನದ ಮಾತು ಎತ್ತಿದ ಮೇಲೆ ಕೇಳಿಬಂದ ಪ್ರಶ್ನೆ ಅದು. ಭಾರತೀಯ ಎಂದರೆ ಯಾವ ಭಾರತ? ಚರ್ಚಿನ ಜನರಲ್ಲಿ ದೊಡ್ಡ ಭಾಗ ದಲಿತರು. ಯಾವ ಮಠದ ಅಂಗಳಕ್ಕೆ ಅವರ ಅಜ್ಜಂದಿರನ್ನು ಬಿಡುತ್ತಿರಲಿಲ್ಲವೋ ಆ ಮಠದ ಬಣ್ಣವನ್ನೇ 'ನಿಮ್ಮ ಸಂಸ್ಕೃತಿ' ಎಂದು ಪೀಠದ ಮೇಲೆ ಹೊದಿಸಿದರೆ ಅವರಿಗೆ ಹೇಗಾಗಬೇಕು? ಸಂಸ್ಕೃತ ಮಂತ್ರದ ಬದಲು ತಮಟೆ ಏಕೆ ಬರಲಿಲ್ಲ?

ಇದಕ್ಕೆ ಅಮಲೋರ್ಪವದಾಸರ ಪರವಾಗಿಯೂ ಹೇಳುವುದಿದೆ. ಕಾವಿ ಜಾತಿ ಬಿಟ್ಟವನ ಬಣ್ಣ, ಮನೆಮಠ ತೊರೆದವನ ಬಣ್ಣ, ಅದು ಯಾರ ಸ್ವತ್ತೂ ಅಲ್ಲ ಎಂಬ ನಂಬಿಕೆ ಅವರ ಪೀಳಿಗೆಯದು. ಅವರು ಆಮೇಲೆ ಮೈಸೂರಿನ ಚಾಮುಂಡಿ ಬೆಟ್ಟದ ಬುಡದಲ್ಲಿ ಅಂಜಲಿ ಆಶ್ರಮ ಕಟ್ಟಿಕೊಂಡು ಹಾಗೆಯೇ ಬದುಕಿದರು. 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅಲ್ಲಿಂದೀಚೆಗೆ ಕಾವಿ ರಾಜಕೀಯದ ಬಾವುಟಕ್ಕೆ ಹತ್ತಿದ ಮೇಲೆ ಆ ಶಾಲು ಹೊದೆಯುವ ಪಾದ್ರಿ ಮೊದಲಿನ ಹಾಗೆ ನಿಶ್ಚಿಂತೆಯಿಂದ ಹೊದೆಯಲಾರ. ಬಣ್ಣ ಬದಲಾಗಲಿಲ್ಲ, ನೋಡುವ ಕಣ್ಣುಗಳು ಬದಲಾದವು.

ವಿಚಿತ್ರವೆಂದರೆ ಪಂಡಿತರು ಜಗಳವಾಡುತ್ತಿದ್ದಾಗ ಜನ ತಮಗೆ ಬೇಕಾದ್ದನ್ನು ಸದ್ದಿಲ್ಲದೆ ಮಾಡಿಕೊಂಡಿದ್ದರು. ಶಿವಾಜಿನಗರದ ಬೆಸಿಲಿಕಾದಲ್ಲಿ ಮರಿಯಮ್ಮನ ಮೂರ್ತಿಗೆ ಸೀರೆ ಉಡಿಸುತ್ತಾರೆ. ಸೆಪ್ಟೆಂಬರ್ 8ರ ಹಬ್ಬಕ್ಕೆ ಮುಂಚಿನ ನವದಿನಗಳಲ್ಲಿ ಹರಕೆ ಹೊತ್ತವರು, ಹೆಂಗಸರು ಗಂಡಸರು ಮಕ್ಕಳು, ಕಾವಿ ಬಟ್ಟೆ ಉಟ್ಟು ಬರುತ್ತಾರೆ. ಅವರಿಗೆ ಯಾವ ಹನ್ನೆರಡು ಅಂಶದ ಅಪ್ಪಣೆಯೂ ಬೇಕಾಗಲಿಲ್ಲ. ಕರಾವಳಿಯಲ್ಲಿ ಅದೇ ದಿನ ಮೊಂತಿ ಫೆಸ್ತ್. ಮಕ್ಕಳು ಮರಿಯಮ್ಮನಿಗೆ ಹೂ ಹಾಕುತ್ತಾರೆ, ಹೊಸ ತೆನೆ ಮನೆಗೆ ಬರುತ್ತದೆ. ಪಾದ್ರಿ ಉಡುವುದು ಬಿಳಿ, ಆದರೆ ಹಬ್ಬದ ಬಣ್ಣ ಯಾವುದೆಂದು ಮಂಗಳೂರಿನ ಮಕ್ಕಳನ್ನು ಕೇಳಿದರೆ ತೆನೆಯ ಹಸಿರು ಎಂದಾರು. ಮದುವೆಯಲ್ಲೂ ಅಷ್ಟೆ. ಇಗರ್ಜಿಯೊಳಗೆ ವಧು ಬಿಳಿಯಲ್ಲಿ, ಆಮೇಲೆ ಗಂಡಿನ ಮನೆಯವರು ಕೊಟ್ಟ ಕೆಂಪು 'ಸಾಡೊ' ಸೀರೆಯಲ್ಲಿ. ರೋಮಿನ ಬಣ್ಣಕ್ಕೂ ಮರ್ಯಾದೆ, ಅಜ್ಜಿಯ ಬಣ್ಣಕ್ಕೂ ಮರ್ಯಾದೆ.

ಸಾವಿನ ಬಣ್ಣದ ಬಗ್ಗೆ ಹೇಳದೆ ಮುಗಿಸಲಾರೆ. ಮಹಾಸಭೆಯ ಅದೇ ಶಾಸನದ 81ನೆಯ ಕಲಂ, ಶವಸಂಸ್ಕಾರ ಕ್ರಿಸ್ತನ ಪುನರುತ್ಥಾನದ ಭರವಸೆಯನ್ನು ಇನ್ನಷ್ಟು ಸ್ಪಷ್ಟವಾಗಿ ತೋರಬೇಕು, ಆಯಾ ನಾಡಿನ ಸಂಪ್ರದಾಯಕ್ಕೆ ಹೊಂದಬೇಕು, ಬಣ್ಣಕ್ಕೂ ಇದೇ ಅನ್ವಯ ಎಂದು ಬಿಡಿಸಿ ಹೇಳುತ್ತದೆ. ಇದರಿಂದಾಗಿ ಕಪ್ಪು ಕಡ್ಡಾಯವಲ್ಲವಾಯಿತು. ನೇರಳೆ ಬಂತು, ಬಿಳಿಯೂ ಬಂತು. ಶುಭ ಶುಕ್ರವಾರದ ಕಪ್ಪು ಹೋಗಿ 1970ರ ಪೂಜಾಗ್ರಂಥದಲ್ಲಿ ಕೆಂಪಾಯಿತು.

ಕೆಲವು ವರ್ಷಗಳ ಹಿಂದೆ ನನ್ನ ಸ್ನೇಹಿತನೊಬ್ಬನ ತಾಯಿ ಇಲ್ಲೇ ಕ್ಲಾಂಗಿನಲ್ಲಿ ತೀರಿಕೊಂಡರು. ಬಂಟ್ವಾಳದ ಕಡೆಯವರು. ಕೊನೆಯ ದಿನಗಳಲ್ಲಿ ಮಗನ ಮನೆಯ ಬಾಲ್ಕನಿಯಲ್ಲಿ ಕುಳಿತು ಹಡಗಿನ ಸೈರನ್ ಕೇಳುತ್ತ ನಮಗೆ ಹಳೆಯ ಕಥೆ ಹೇಳುತ್ತಿದ್ದರು. ತಮ್ಮ ತಂದೆ ಸತ್ತಾಗ ತಮಗೆ ಏಳೋ ಎಂಟೋ ವರ್ಷ, ಪಾದ್ರಿಯ ಕಪ್ಪು ಉಡುಪು, ಪೆಟ್ಟಿಗೆಯ ಮೇಲಿನ ಕಪ್ಪು ಬಟ್ಟೆ, ಅರ್ಥವಾಗದ ಲ್ಯಾಟಿನ್ ಹಾಡು ನೋಡಿ ಹೆದರಿ ಬೆಂಚಿನ ಕೆಳಗೆ ಸೇರಿಕೊಂಡೆ, ಅಪ್ಪನ ಮುಖ ಕೊನೆಯ ಸಲ ನೋಡಲೇ ಇಲ್ಲ ಎಂದು ಒಂದೆರಡು ಸಲ ಹೇಳಿದ್ದುಂಟು. ಅವರ ಪೂಜೆಯ ದಿನ ಪಾದ್ರಿ ಬಿಳಿ ತೊಟ್ಟು ಬಂದರು. ಸ್ನೇಹಿತನ ಹೆಂಡತಿ ಚೀನೀ ಮನೆತನದವಳು. ಅವಳ ಅಜ್ಜಿ ನಮ್ಮ ಪಕ್ಕದಲ್ಲೇ ಕುಳಿತಿದ್ದರು, ಬೌದ್ಧರು. ಬಿಳಿಯನ್ನು ಕಂಡು ಸಮಾಧಾನದಿಂದ ತಲೆಯಾಡಿಸಿದರು. ಚೀನೀಯರಲ್ಲಿ ಬಿಳಿ ಶೋಕದ ಬಣ್ಣವಲ್ಲವೇ, 'ಸರಿಯಾದ ಬಣ್ಣವನ್ನೇ ಹಾಕಿದ್ದಾರೆ' ಎಂದರಂತೆ. ಆ ರಾತ್ರಿ ಮಂಗಳೂರಿನಿಂದ ಸ್ನೇಹಿತನ ಅಕ್ಕ ಫೋನ್ ಮಾಡಿದವರು ಅತ್ತು ಮುಗಿಸಿದ ಮೇಲೆ ಕೇಳಿದ ಮೊದಲ ಪ್ರಶ್ನೆ, 'ಫಾದರ್ ಯಾವ ಬಣ್ಣ ಹಾಕಿದ್ದರು ಮಾರಾಯಾ?' ಬಿಳಿ ಎಂದಾಗ, 'ಸದ್ಯ, ಅಮ್ಮ ಹೆದರಲಿಲ್ಲ' ಎಂದರು. ಒಬ್ಬರಿಗೆ ಅದು ಶೋಕ, ಇನ್ನೊಬ್ಬರಿಗೆ ಪುನರುತ್ಥಾನ. ಬಟ್ಟೆ ಒಂದೇ.

ನಮ್ಮ ಹಳ್ಳಿಗಳ ಮಡಿ ಅಜ್ಜಿಯರನ್ನು ನೆನೆಸಿಕೊಳ್ಳಿ. ತಲೆ ಬೋಳಿಸಿ ಅವರಿಗೆ ಉಡಿಸುತ್ತಿದ್ದದ್ದು ಕೆಂಪು ಸೀರೆ. ಇಲ್ಲಿ ಚೀನೀಯರಿಗೆ ಮದುವೆಯ, ಹೊಸವರ್ಷದ ಕೆಂಪು ನಮ್ಮ ಮನೆಯ ಮೂಲೆಯಲ್ಲಿ ವೈಧವ್ಯದ ಕೆಂಪಾಗಿತ್ತು.

ಕ್ಲಾಂಗ್ ಬಂದರಿನಂಥ ಊರಿನಲ್ಲಿ ಬಣ್ಣ ಒಂದೇ ಅರ್ಥ ಹೇಳುವುದು ಅಸಾಧ್ಯ. 1901ರಲ್ಲಿ ಪೋರ್ಟ್ ಸ್ವೆಟೆನ್‌ಹ್ಯಾಮ್ ಎಂಬ ಹೆಸರಿನಿಂದ ಶುರುವಾಗಿ 1972ರಲ್ಲಿ ಈಗಿನ ಹೆಸರು ಪಡೆದ ಈ ಬಂದರಿನಲ್ಲಿ ತಮಿಳರು, ಮಲಯಾಳಿಗಳು, ಚೀನೀಯರು, ಮಲಯರು, ನಮ್ಮಂಥ ಬೆರಳೆಣಿಕೆಯ ಕನ್ನಡಿಗರು ಒಂದೇ ಬೀದಿಯಲ್ಲಿದ್ದೇವೆ. ಹಳದಿ ಇಲ್ಲಿ ಸುಲ್ತಾನರದು. ಹಸಿರು ಮಸೀದಿಯನ್ನು ನೆನಪಿಸುತ್ತದೆ. ಕಾವಿ, ಕಿತ್ತಳೆ, ಹಳದಿ ಕಂಡರೆ ಯಾರೂ ಸಂನ್ಯಾಸಿಯನ್ನು ನೆನೆಯುವುದಿಲ್ಲ, ತೈಪೂಸಂ ದಿನ ಬಾಟು ಕೇವ್ಸ್ ಮೆಟ್ಟಿಲೇರುವ ಮುರುಗನ ಭಕ್ತರನ್ನು ನೆನೆಯುತ್ತಾರೆ. ಬೆಂಗಳೂರಿನ ಹನ್ನೆರಡು ಅಂಶಗಳು ಭಾರತಕ್ಕೆ ಮಾತ್ರ ಸಿಕ್ಕ ಅಪ್ಪಣೆ. ಅದೇ ಶಾಲನ್ನು ಇಲ್ಲಿಗೆ ತಂದರೆ ಅದು ಬೇರೆಯದೇ ಮಾತಾಡೀತು.

ಕ್ಯಾಲೆಂಡರುಗಳೂ ಇಲ್ಲಿ ಆಗಾಗ ಡಿಕ್ಕಿ ಹೊಡೆಯುತ್ತವೆ. ತಪಸ್ಸುಕಾಲದ ಆರಂಭವಾದ ವಿಭೂತಿ ಬುಧವಾರ (ಕನ್ನಡ ಕ್ರೈಸ್ತರು ಬೂದಿಯನ್ನು ವಿಭೂತಿ ಎಂದೇ ಕರೆದದ್ದು ಎಷ್ಟು ಚೆನ್ನ!) ಮತ್ತು ಚೀನೀ ಹೊಸವರ್ಷ ಎರಡೂ ಚಂದ್ರನನ್ನು ನೋಡಿ ನಡೆಯುವಂಥವು. 2015ರಲ್ಲಿ ಹೊಸವರ್ಷದ ಹಿಂದಿನ ದಿನವೇ ವಿಭೂತಿ ಬುಧವಾರ. 2018ರಲ್ಲಿ ಎರಡು ದಿನದ ಅಂತರ. 2026ರಲ್ಲಿ ಫೆಬ್ರವರಿ 17 ಹೊಸವರ್ಷ, 18 ವಿಭೂತಿ ಬುಧವಾರ. ಮನೆಯ ಬಾಗಿಲಿಗೆ ಕೆಂಪು ಲಾಟೀನು, ಮಕ್ಕಳ ಕೈಯಲ್ಲಿ ಕೆಂಪು ಲಕೋಟೆ, ಮೇಜಿನ ಮೇಲೆ ಇಡೀ ಬಂಧುಬಳಗಕ್ಕೆ ಮಾಡಿದ ಊಟ. ಚರ್ಚಿನೊಳಗೆ ನೇರಳೆ, ಹಣೆಗೆ ಬೂದಿ, ಹೊಟ್ಟೆಗೆ ಉಪವಾಸ. ಅಂಥ ವರ್ಷಗಳಲ್ಲಿ ಏಷ್ಯಾದ ಹಲವು ಬಿಷಪ್ಪರು ಚೀನೀ ಕುಟುಂಬಗಳಿಗೆ ಉಪವಾಸದಿಂದ ವಿನಾಯಿತಿ ಕೊಟ್ಟು ಇನ್ನೊಂದು ದಿನ ಮಾಡಿಕೊಳ್ಳಿ ಎನ್ನುವುದುಂಟು.

ಬಳಗದಲ್ಲಿ ಮಂಗಳೂರು, ಹೊನ್ನಾವರ, ಕಾಸರಗೋಡು ಕಡೆಯವರು ಇದ್ದೀರಿ. ಕಪ್ಪು ಪೂಜಾವಸ್ತ್ರದ ಶವಸಂಸ್ಕಾರ ಕಂಡ ಹಿರಿಯರು ನಿಮ್ಮ ಮನೆಗಳಲ್ಲಿ ಇನ್ನೂ ಇದ್ದಾರು. ಹಳೆಯ ಇಗರ್ಜಿಗಳ ಪೆಟ್ಟಿಗೆಯಲ್ಲಿ ಆ ಉಡುಪುಗಳು ಉಳಿದಿವೆಯೇ, ಯಾರು ಹೊಲಿಯುತ್ತಿದ್ದರು, ರೇಷ್ಮೆ ಎಲ್ಲಿಂದ ಬರುತ್ತಿತ್ತು ಎಂದು ಊರಿಗೆ ಹೋದಾಗ ಕೇಳಿ ಬರೆದು ಕಳಿಸಿದರೆ ಮುಂದಿನ ಸಂಚಿಕೆಗಳಲ್ಲಿ ಸೇರಿಸಬಹುದು.